ಗಂಟಲ ಮೂಳೆಯ ಸಾಕ್ಷ್ಯ: ಕಡಲ ಡ್ಯಾಮ್ಸೆಲ್, ಕೆರೆಯ ಜಿಲೇಬಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕೆರೆಗಳಲ್ಲಿ ಡ್ಯಾಮ್ಸೆಲ್ ಮೀನು ಇಲ್ಲ. ಅದರ ಕುಟುಂಬವಾದ ಪೊಮಾಸೆಂಟ್ರಿಡೇಯಲ್ಲಿ 400ಕ್ಕೂ ಹೆಚ್ಚು ಪ್ರಭೇದಗಳಿವೆ. ಬೆರಳೆಣಿಕೆಯಷ್ಟನ್ನು ಬಿಟ್ಟರೆ ಎಲ್ಲವೂ ಹವಳದ ದಿಬ್ಬ, ಕಡಲ ಬಂಡೆಗಳ ವಾಸಿಗಳು. ಕರ್ನಾಟಕದಲ್ಲಿ ಅವನ್ನು ನೋಡಬೇಕೆಂದರೆ ಮುರುಡೇಶ್ವರದಾಚೆಯ ನೇತ್ರಾಣಿಗೆ ಹೋಗಬೇಕು. ಆದರೆ ಈ ಕುಟುಂಬ ಯಾವ ಗುಂಪಿಗೆ ಸೇರಬೇಕೆಂಬ ಹಳೆಯ ತಕರಾರಿನ ಎದುರು ಕಕ್ಷಿ ನಮ್ಮೂರ ಮೀನಂಗಡಿಯಲ್ಲೇ ಸಿಗುತ್ತದೆ. ಅದು ಜಿಲೇಬಿ, ಅಂದರೆ ತಿಲಾಪಿಯ.

ಜಿಲೇಬಿ ಇಲ್ಲಿಯದಲ್ಲ. ಆಫ್ರಿಕಾ ಮೂಲದ ಈ ಮೀನು 1952ರಲ್ಲಿ ಭಾರತಕ್ಕೆ ಬಂತು. ಒಂದು ನೂರು ವರ್ಷ ಮೊದಲೇ, 1852ರಲ್ಲಿ, ಜರ್ಮನಿಯ ವಿಲ್ಹೆಲ್ಮ್ ಪೀಟರ್ಸ್ ಅದನ್ನು ವರ್ಣಿಸಿದಾಗ ಇಟ್ಟದ್ದು ಕ್ರೋಮಿಸ್ ಕುಲದಲ್ಲಿ. ಇಂದು ಆ ಕುಲ ಡ್ಯಾಮ್ಸೆಲ್‌ಗಳದು. ಜಿಲೇಬಿ ಸಿಕ್ಲಿಡೇ ಕುಟುಂಬದ ಓರಿಯೋಕ್ರೋಮಿಸ್ ಕುಲಕ್ಕೆ ಹೋಗಿದೆ. ಹಾಗೆಂದು ಅಂದಿನವರನ್ನು ತೀರಾ ಅಲ್ಲಗಳೆಯಲಾಗದು. ಹೆಚ್ಚಿನ ಮೀನುಗಳಿಗೆ ಮೂತಿಯ ಒಂದೊಂದು ಬದಿಗೆ ಎರಡು ಹೊಳ್ಳೆಗಳಿದ್ದರೆ, ಜಿಲೇಬಿಗೂ ಬಹುತೇಕ ಡ್ಯಾಮ್ಸೆಲ್‌ಗಳಿಗೂ ಒಂದೊಂದೇ. ಪಾರ್ಶ್ವರೇಖೆಯೂ ಎರಡರಲ್ಲೂ ತಲೆಯಿಂದ ಬಾಲದವರೆಗೆ ಅಖಂಡವಾಗಿ ಸಾಗುವುದಿಲ್ಲ.

ಇನ್ನೂ ಗಟ್ಟಿಯಾದ ಸಾಕ್ಷ್ಯ ಗಂಟಲಲ್ಲಿದೆ. ಕಿವಿರುಗಳ ಹಿಂದೆ, ಅನ್ನನಾಳದ ಬಾಯಲ್ಲಿ, ಹಲ್ಲು ತುಂಬಿದ ಎರಡನೆಯ ದವಡೆ ಇರುತ್ತದೆ. ಅದರ ಕೆಳಭಾಗದ ಎಡ ಬಲ ಮೂಳೆಗಳು ಈ ಮೀನುಗಳಲ್ಲಿ ಬೆಸೆದು ಒಂದಾಗಿವೆ. ಮುಂದಿನ ಬಾಯಿ ಹಿಡಿಯುತ್ತದೆ, ಗಂಟಲು ಅರೆಯುತ್ತದೆ. ಎರಡು ಕೆಲಸ ಬೇರೆಬೇರೆಯಾದ್ದರಿಂದ ಆಹಾರದ ವೈವಿಧ್ಯಕ್ಕೆ ದಾರಿ ತೆರೆಯಿತು. ಕಡಲಿನ ರಾಸ್, ಗಿಳಿಮೀನುಗಳಲ್ಲೂ ಇದೇ ರಚನೆ. ಇಷ್ಟು ಜಟಿಲವಾದದ್ದು ಮತ್ತೆ ಮತ್ತೆ ಹುಟ್ಟಲಾರದೆಂದು 1982ರಲ್ಲಿ ವಿಜ್ಞಾನಿಗಳಾದ ಕೌಫ್‌ಮನ್ ಮತ್ತು ಲೀಮ್ ಇವೆಲ್ಲವನ್ನೂ ಲ್ಯಾಬ್ರಾಯ್ಡೈ ಎಂಬ ಒಂದೇ ಉಪಗಣದಲ್ಲಿ ಕಟ್ಟಿದರು.

ಕಟ್ಟು ಹೆಚ್ಚು ಕಾಲ ನಿಲ್ಲಲಿಲ್ಲ. 1997ರಲ್ಲೇ ಸ್ಟ್ರೀಲ್‌ಮನ್ ಮತ್ತು ಕಾರ್ಲ್ ಅವರ ಡಿಎನ್‌ಎ ಅಧ್ಯಯನ ಅದನ್ನು ಅಲುಗಾಡಿಸಿತು. 2012ರಲ್ಲಿ ವೈನ್‌ರೈಟ್ ಮತ್ತು ಸಂಗಡಿಗರ ವಂಶವೃಕ್ಷದಲ್ಲಿ ರಾಸ್‌ಗಳು ದೂರದ ಕೊಂಬೆಗೆ ಹೋದವು. ಬೆಸೆದ ದವಡೆ ಹಲವು ಬಾರಿ ಸ್ವತಂತ್ರವಾಗಿ ವಿಕಾಸಗೊಂಡಿತ್ತು. ನನಗೆ ಕುತೂಹಲದ್ದು ಆಮೇಲಿನ ಸಂಗತಿ. ದವಡೆಯ ಸಾಕ್ಷ್ಯ ಬಿದ್ದರೂ ಡ್ಯಾಮ್ಸೆಲ್ ಮತ್ತು ಜಿಲೇಬಿಯ ನಂಟು ಪೂರ್ತಿ ಹರಿಯಲಿಲ್ಲ. ಎರಡೂ ಒವಲೆಂಟೇರಿಯಾ ಎಂಬ ಹೊಸ ಗುಂಪಿನೊಳಗೇ ಉಳಿದವು. ಈ ಗುಂಪಿನ ಗುರುತು ಎಳೆಗಳಿಂದ ಅಂಟಿಕೊಳ್ಳುವ ಮೊಟ್ಟೆ. ಡ್ಯಾಮ್ಸೆಲ್ ಗಂಡು ಬಂಡೆಗೆ ಅಂಟಿದ ಮೊಟ್ಟೆಗಳನ್ನು ಕಾಯುತ್ತದೆ. ಜಿಲೇಬಿ ತಾಯಿ ಬಾಯಲ್ಲೇ ಮರಿ ಮಾಡುವುದರಿಂದ ಅಂಟಿನ ಹಂಗಿಲ್ಲ. ಸೊಳ್ಳೆಮರಿ ತಿನ್ನಲೆಂದು ಬಾವಿ, ಹೊಂಡಗಳಿಗೆ ಬಿಡುವ ಗಪ್ಪಿ, ಗ್ಯಾಂಬೂಸಿಯಾಗಳೂ ಇದೇ ಗುಂಪಿನವು. ಒಳಗೆ ಯಾರು ಯಾರಿಗೆ ಹತ್ತಿರವೆಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಕೆರೆ ಸಮೀಕ್ಷೆ ಮಾಡುವವರಿಗೆ ಎರಡು ಮಾತು. ಡ್ಯಾಮ್ಸೆಲ್ ಕೆರೆಯಲ್ಲಿ ಸಿಗದಿದ್ದರೂ ಗುದದ ಈಜುರೆಕ್ಕೆಯ ಮುಳ್ಳುಗಳನ್ನು ಎಣಿಸಿ ಬರೆದಿಡಬೇಕು: ಜಿಲೇಬಿಗೆ ಮೂರು, ಡ್ಯಾಮ್ಸೆಲ್‌ಗಳಿಗೆ ಸಾಮಾನ್ಯವಾಗಿ ಎರಡು. ಬರೀ ಜಿಲೇಬಿ ಎಂದು ದಾಖಲಿಸಿದರೂ ಸಾಲದು. ಬಾಲದ ರೆಕ್ಕೆಯಲ್ಲಿ ಸಾಲುಸಾಲಾದ ಅಡ್ಡಪಟ್ಟೆಗಳಿದ್ದರೆ ಅದು ನೈಲ್ ತಿಲಾಪಿಯ ಇರಬಹುದು. ಇವೆರಡೂ ಕೂಡಿ ಮಿಶ್ರತಳಿ ಹುಟ್ಟುವುದರಿಂದ, ಅನುಮಾನವಿದ್ದಲ್ಲಿ ಇಡೀ ಮೀನನ್ನೇ ಕೆಡದಂತೆ ಕಾಪಿಡುವುದು ಲೇಸು.