ತೆರಿಗೆಯ ಸೋಡಿಯೂ ತೆರಿಗೆ ತೆರದ ಸಂಸ್ಥೆಗಳೂ

ಲೋಕಹಿತದ ಕಾರ್ಯಕ್ಕೆ ರಾಜ್ಯವು ಎರಡು ಬಗೆಯಲ್ಲಿ ಪ್ರೋತ್ಸಾಹ ನೀಡಬಲ್ಲದು: ಬೊಕ್ಕಸದಿಂದ ಹಣ ಕೊಡುವುದು ಒಂದು, ಬರಬೇಕಾದ ತೆರಿಗೆಯನ್ನು ಬಿಡುವುದು ಇನ್ನೊಂದು. ಇವೆರಡರ ಫಲ ಒಂದೇ ಅಲ್ಲವೆಂಬುದು, ಕಟ್ಟಡಗಳ ಶಕ್ತಿವ್ಯಯವನ್ನು ತಗ್ಗಿಸಲು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಡೆದ ಯತ್ನಗಳಿಂದ ವಿದಿತವಾಗುತ್ತದೆ.

1973ರಲ್ಲಿ ಅರಬ್ ರಾಷ್ಟ್ರಗಳು ತೈಲದ ರವಾನೆಯನ್ನು ತಡೆದಾಗ, ಕಟ್ಟಡಗಳನ್ನು ಬೆಚ್ಚಗೆ, ತಂಪಾಗಿ ಇಡುವ ವೆಚ್ಚವು ರಾಷ್ಟ್ರದ ಚಿಂತೆಯಾಯಿತು. 1978ರಲ್ಲಿ ಅಲ್ಲಿನ ಕಾಂಗ್ರೆಸ್ಸು ಎರಡು ಮಾರ್ಗಗಳನ್ನೂ ಹಿಡಿಯಿತು. ವ್ಯರ್ಥವಾಗುವ ಶಾಖವನ್ನು ಮರಳಿ ಪಡೆಯುವಂಥ ಸಲಕರಣೆಗಳನ್ನು ಕೊಂಡ ಉದ್ಯಮಗಳಿಗೆ ವೆಚ್ಚದ ಶೇಕಡ 10ರಷ್ಟು ತೆರಿಗೆಯ ಸೋಡಿ ದೊರೆಯಿತು. ಸಾರ್ವಜನಿಕ ಹಾಗೂ ಲಾಭರಹಿತ ಶಾಲೆ, ಆಸ್ಪತ್ರೆಗಳಿಗೆ ನೇರವಾಗಿ ಸಹಾಯಧನ ದೊರೆಯಿತು.

2005ರ ಶಾಸನದಲ್ಲಿ ಈ ವಿವೇಕ ಅರ್ಧವಷ್ಟೇ ಉಳಿಯಿತು. ಶಕ್ತಿಯನ್ನು ಮಿತವಾಗಿ ಬಳಸುವ ವಾಣಿಜ್ಯ ಕಟ್ಟಡಕ್ಕೆ ಚದರ ಅಡಿಗೆ 1.80 ಡಾಲರುಗಳವರೆಗೆ, ತೆರಿಗೆಗೊಳಪಡುವ ಆದಾಯದಲ್ಲಿ ಕಡಿತವನ್ನು ಅದು ವಿಧಿಸಿತು. ಸರ್ಕಾರಿ ಕಟ್ಟಡದ ಕಡಿತವನ್ನು ಅದರ ವಿನ್ಯಾಸಕಾರನಿಗೆ ವರ್ಗಾಯಿಸಬಹುದಾಗಿತ್ತು. ಖಾಸಗಿ ಧರ್ಮಸಂಸ್ಥೆಗಳಿಗೆ ಆ ಅವಕಾಶವೂ ಇರಲಿಲ್ಲ. ತೆರಿಗೆಯನ್ನೇ ತೆರದವರಿಗೆ ಇಂಥ ಕಡಿತದಿಂದ ಏನು ಪ್ರಯೋಜನ?

2022ರ ಶಾಸನವು ಗರಿಷ್ಠ ಮಿತಿಯನ್ನು 5 ಡಾಲರುಗಳಿಗೆ ಏರಿಸಿ, ವರ್ಗಾವಣೆಯ ಹಕ್ಕನ್ನು ಧರ್ಮಸಂಸ್ಥೆಗಳಿಗೂ ವಿಸ್ತರಿಸಿತು. ಆದರೂ ಲಾಭ ಮೊದಲು ಸೇರಿದ್ದು ವಿನ್ಯಾಸಕಾರನನ್ನೇ. ಅವನು ತನ್ನ ಶುಲ್ಕವನ್ನು ತಗ್ಗಿಸಿದರೆ ಮಾತ್ರ ಆಸ್ಪತ್ರೆಗೆ ಅದರ ಪಾಲು. 2026ರ ಜೂನ್ 30ರ ಬಳಿಕ ಆರಂಭವಾಗುವ ನಿರ್ಮಾಣಗಳಿಗೆ ಈ ಕಡಿತ ಸಲ್ಲದೆಂದು 2025ರ ಶಾಸನ ವಿಧಿಸಿತು.

ಆದುದರಿಂದ ಇಂಥ ಶಾಸನಗಳನ್ನು ಅಭ್ಯಸಿಸುವವರು, ರಾಜ್ಯವು ಬಿಟ್ಟ ಹಣವೆಷ್ಟೆಂಬುದರ ಜೊತೆಗೆ, ಅದು ಯಾರ ಮೂಲಕ ಯಾರನ್ನು ಮುಟ್ಟಿತೆಂಬುದನ್ನೂ ವಿಚಾರಿಸಬೇಕು.