ಬಳ್ಳಿಗಾವಿಯ ವಾದ, ಶಾಲೆಯ ಚರ್ಚೆ

ತರಗತಿಯನ್ನು ಪರ, ವಿರೋಧ ಎಂದು ಎರಡು ಪಾಲು ಮಾಡಿ ಮಾತಾಡಿಸುವ ಪದ್ಧತಿ ಕರ್ನಾಟಕಕ್ಕೆ ಬಂದದ್ದು ಇಂಗ್ಲಿಷ್ ಶಿಕ್ಷಣದ ಜೊತೆಗೆ. ಕಲಿತದ್ದನ್ನು ಎದುರಾಳಿಯ ಮುಂದೆ ನಿಂತು ಸಾಧಿಸುವ ರೂಢಿ ಮಾತ್ರ ಇಲ್ಲಿ ಅದಕ್ಕಿಂತ ಬಹಳ ಹಳೆಯದು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ 11 ಮತ್ತು 12ನೆಯ ಶತಮಾನಗಳಲ್ಲಿ ಹೆಸರಾಂತ ವಿದ್ಯಾಕೇಂದ್ರವಾಗಿತ್ತು.

ಕಾಳಾಮುಖ ಶೈವರ ಮಠಗಳು, ಜೈನ ಬಸದಿಗಳು, ಬೌದ್ಧ ವಿಹಾರ ಎಲ್ಲವೂ ಆ ಒಂದೇ ಊರಿನಲ್ಲಿದ್ದವು. ಬೇರೆ ಮತದವರು ಪಕ್ಕದ ಬೀದಿಯಲ್ಲೇ ಇರುವಾಗ ಅವರಿಗೆ ಉತ್ತರ ಹೇಳದೆ ವಿಧಿಯಿರಲಿಲ್ಲ. ಪಂಚಲಿಂಗ ದೇವಾಲಯದ ಲಕುಲೀಶ್ವರ ಪಂಡಿತನನ್ನು 1036ರ ಶಾಸನ ಬೌದ್ಧರನ್ನೂ ಮೀಮಾಂಸಕರನ್ನೂ ಗೆದ್ದ ವಾದಿಯೆಂದು ಹೊಗಳುತ್ತದೆ. ಪ್ರಶಸ್ತಿಯ ಅತಿಶಯವನ್ನು ಕಳೆದರೂ ಆ ಕಾಲಕ್ಕೆ ಯಾವ ವಿದ್ಯೆಗೆ ಬೆಲೆಯಿತ್ತೆಂಬುದು ತಿಳಿಯುತ್ತದೆ. ಕೇದಾರೇಶ್ವರ ದೇವಾಲಯದ ಕೋಡಿಯ ಮಠವನ್ನು ಕುರಿತ 1162ರ ಶಾಸನ ಇನ್ನೂ ಮುಖ್ಯ. ಅಲ್ಲಿ ಪಾಠವಾಗುತ್ತಿದ್ದ ವಿಷಯಗಳಲ್ಲಿ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧ ದರ್ಶನವೂ ಸೇರಿದೆ. ಶೈವ ಮಠದಲ್ಲಿ ಬೌದ್ಧರ ಪಾಠ! ಎದುರಾಳಿಯ ಮಾತನ್ನು ಪೂರ್ವಪಕ್ಷವಾಗಿ ಸರಿಯಾಗಿ ಮಂಡಿಸಿದ ಮೇಲೆಯೇ ತನ್ನ ಸಿದ್ಧಾಂತಕ್ಕೆ ಬರಬೇಕೆಂಬ ಕ್ರಮಕ್ಕೆ ಇಂಥ ಓದು ಅಗತ್ಯವೇ ಆಗಿತ್ತು.

ವಾದದ ನಿಯಮಗಳನ್ನು ನ್ಯಾಯಸೂತ್ರ ವಿವರಿಸುತ್ತದೆ. ಸತ್ಯ ತಿಳಿಯಲು ಮಾಡುವುದು ವಾದ, ಗೆಲ್ಲಲೆಂದೇ ಮಾಡುವುದು ಜಲ್ಪ, ತನ್ನದೊಂದು ಪಕ್ಷವಿಲ್ಲದೆ ಖಂಡಿಸುವುದಷ್ಟೇ ವಿತಂಡ. ಸೋಲಿನ ಲಕ್ಷಣಗಳಾದ ನಿಗ್ರಹಸ್ಥಾನಗಳು ಒಟ್ಟು 22. ಮೊದಲ ಸಲ ಚರ್ಚೆಗೆ ಎದ್ದು ನಿಂತ ವಿದ್ಯಾರ್ಥಿಯ ಫಜೀತಿಗಳೆಲ್ಲ ಆ ಪಟ್ಟಿಯಲ್ಲೇ ಇದ್ದಂತಿವೆ: ಉತ್ತರ ಹೊಳೆಯದಿರುವುದು, ಹೇಳಿದ್ದನ್ನೇ ಹೇಳುವುದು, ವಿಷಯ ಬಿಟ್ಟು ಹೋಗುವುದು. ಎದುರಾಳಿ ಮೂರು ಸಲ ಹೇಳಿ, ಸಭೆಗೆ ಅರ್ಥವಾದ ಮಾತನ್ನು ತಿರುಗಿ ಹೇಳಲಾಗದಿದ್ದರೆ ಅದೂ ಸೋಲೇ.

ಈಗಿನ ಶಾಲಾ ಚರ್ಚೆಯ ವಂಶ ಬೇರೆ. ಅಧ್ಯಕ್ಷರು, ನಿರ್ಣಯ, ಪರ-ವಿರೋಧ, ಮತದಾನ ಎಂಬ ಚೌಕಟ್ಟನ್ನು ಬ್ರಿಟನ್ನಿನ ಪಾರ್ಲಿಮೆಂಟಿನ ಮಾದರಿಯಲ್ಲಿ ಕೇಂಬ್ರಿಡ್ಜ್, ಆಕ್ಸ್‌ಫರ್ಡ್‌ಗಳ ವಿದ್ಯಾರ್ಥಿ ಸಂಘಗಳು ರೂಢಿಸಿದವು. ಭಾರತದಲ್ಲಿ ಕಲ್ಕತ್ತೆಯ ಹಿಂದೂ ಕಾಲೇಜಿನ ಅಧ್ಯಾಪಕ ಡಿರೋಜಿಯೊ 1828ರಲ್ಲಿ ಚರ್ಚಾಕೂಟ ಕಟ್ಟಿದರು. ಇಂಥ ಕೂಟಗಳ ಭಾಷೆ ಇಂಗ್ಲಿಷ್. ಮೈಸೂರು ಸಂಸ್ಥಾನದ ಕಾಲೇಜುಗಳಲ್ಲಿ ಕನ್ನಡಕ್ಕೆ ವೇದಿಕೆ ಒದಗಿಸಿದವು ಕರ್ನಾಟಕ ಸಂಘಗಳು. ಸೆಂಟ್ರಲ್ ಕಾಲೇಜಿನ ಸಂಘಕ್ಕೆ ದುಡಿದ ಎ.ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆಯನ್ನೂ ಆರಂಭಿಸಿದರು. ಶಿವಮೊಗ್ಗದಲ್ಲಿ ಕರ್ನಾಟಕ ಸಂಘ 1930ರಲ್ಲಿ, ಮುಂದೆ ಸಹ್ಯಾದ್ರಿ ಎನಿಸಿದ ಕಾಲೇಜು 1940ರಲ್ಲಿ ಹುಟ್ಟಿದವು.

ಇಂದು ಸರ್ಕಾರದ ಪ್ರತಿಭಾ ಕಾರಂಜಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಚರ್ಚಾಸ್ಪರ್ಧೆಯಿದೆ. ಯಾವ ಮನೆಯ ಮಗುವಾದರೂ, ಹುಡುಗಿಯಾದರೂ ಹುಡುಗನಾದರೂ, ಅಲ್ಲಿ ಎದ್ದು ಮಾತಾಡಬಹುದು. ಹಳೆಯ ವಾದಸಭೆಗಳಿಗೆ ಇಷ್ಟು ಅಗಲವಾದ ಬಾಗಿಲಿರಲಿಲ್ಲ. ಆದರೆ ಈ ಸ್ಪರ್ಧೆಯಲ್ಲಿ ಕೇಳಿಬರುವುದು ಹೆಚ್ಚಾಗಿ ಮೇಷ್ಟ್ರು ಬರೆದುಕೊಟ್ಟು ಮಕ್ಕಳು ಬಾಯಿಪಾಠ ಮಾಡಿದ ಭಾಷಣ. ಪರ ವಹಿಸಿದವರಿಗೂ ವಿರೋಧ ವಹಿಸಿದವರಿಗೂ ಮಾತಿನ ನಂಟೇ ಇರುವುದಿಲ್ಲ. ಬಹುಮಾನದ ಗೊಡವೆಯಿಲ್ಲದ ತರಗತಿಯಲ್ಲಿ ಇದನ್ನು ತಪ್ಪಿಸುವುದು ಸುಲಭ: ಚೀಟಿ ಎತ್ತಿ ಪಕ್ಷ ಹಂಚಬಹುದು, ಎದುರಿನವರು ಹೇಳಿದ್ದನ್ನು ಮೊದಲು ತಿರುಗಿ ಹೇಳಿಸಿ ಆಮೇಲೆ ಉತ್ತರ ಕೇಳಬಹುದು, ಕೊನೆಯ ಸುತ್ತಿಗೆ ಪಕ್ಷಗಳನ್ನೇ ಅದಲುಬದಲು ಮಾಡಬಹುದು.