ಕಟ್ಟಿದ ಒಲೆ, ಉಳಿದ ಸೌದೆ: ಬಡವರ ಮನೆಯ ಇಂಧನ ನೆರವನ್ನು ಅಳೆಯುವ ಬಗೆ

ಬಡ ಕುಟುಂಬದ ಮನೆಯಲ್ಲಿ ಇಂಧನ ಉಳಿಯಲಿ ಎಂದು ಸರ್ಕಾರ ಹಣ ಕೊಟ್ಟಾಗ ಎರಡು ಲೆಕ್ಕ ಹುಟ್ಟುತ್ತವೆ. ಎಷ್ಟು ಒಲೆ ಕಟ್ಟಿದೆವು, ಎಷ್ಟು ಬಲ್ಬು ಹಂಚಿದೆವು, ಎಷ್ಟು ಸಂಪರ್ಕ ಕೊಟ್ಟೆವು ಎಂಬುದು ಒಂದು. ಆ ಮನೆಯಲ್ಲಿ ನಿಜಕ್ಕೂ ಎಷ್ಟು ಸೌದೆ, ಎಷ್ಟು ಯೂನಿಟ್ ವಿದ್ಯುತ್ ಉಳಿಯಿತು ಎಂಬುದು ಇನ್ನೊಂದು. ಮೊದಲನೆಯದು ಇಲಾಖೆಯ ವಾರ್ಷಿಕ ವರದಿಯಲ್ಲಿ ಸಿಗುತ್ತದೆ. ಎರಡನೆಯದು ಸಿಗಬೇಕಾದರೆ ಯಾರಾದರೂ ಮನೆಗೆ ಹೋಗಿ, ಅಡುಗೆಮನೆಯಲ್ಲಿ ಕೂತು ಅಳೆಯಬೇಕು. ಕರ್ನಾಟಕದ ಅಸ್ತ್ರ ಒಲೆಯನ್ನು ಮುಂದಿಟ್ಟುಕೊಂಡು, ಒಡಿಶಾ ಮತ್ತು ಅಮೆರಿಕದ ಮಿಷಿಗನ್‌ನ ಎರಡು ಅಧ್ಯಯನಗಳ ಜೊತೆಗಿಟ್ಟು, ಈ ಎರಡು ಲೆಕ್ಕಗಳ ನಡುವಿನ ಅಂತರವನ್ನು ಇಲ್ಲಿ ಪರಿಶೀಲಿಸಿದ್ದೇನೆ.

ಅಸ್ತ್ರ ಎಂಬ ಘಟಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನವನ್ನು ಹಳ್ಳಿಯಲ್ಲೇ ಪರೀಕ್ಷಿಸಬೇಕೆಂಬುದು ಅವರ ನಿಲುವು. ಹಾಗಾಗಿ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದು, ಸುತ್ತಲಿನ ಪುರ ಮೊದಲಾದ ಊರುಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ ಎಂಬುದನ್ನು ಮನೆಮನೆಗೆ ಹೋಗಿ ದಾಖಲಿಸಿದರು. ಆ ಸಮೀಕ್ಷೆಯಿಂದ ಎದ್ದು ಕಂಡ ಸಂಗತಿ ಸರಳವಾದದ್ದು. ಊರಿನ ಶಕ್ತಿಯ ಬಹುಪಾಲು ಸೌದೆಯಿಂದ ಬರುತ್ತಿತ್ತು. ಆ ಸೌದೆ ಅಡುಗೆಗೂ ಸ್ನಾನದ ನೀರಿಗೂ ಉರಿಯುತ್ತಿತ್ತು. ಅದನ್ನು ಹೊತ್ತು ತರುವವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು. ನಮ್ಮಲ್ಲಿ ‘ಮನೆಯ ಇಂಧನ ದಕ್ಷತೆ’ ಎಂಬ ಪ್ರಶ್ನೆಯನ್ನು ಗೋಡೆ, ಕಿಟಕಿಗಳಿಂದಲ್ಲ, ಒಲೆಯಿಂದಲೇ ಶುರುಮಾಡಬೇಕು ಎಂದು ನಾನು ವಾದಿಸುವುದು ಈ ಕಾರಣಕ್ಕೆ. ತಂಪು ದೇಶದ ಬಡವನ ಹಣ ಮನೆ ಬೆಚ್ಚಗಿಡುವುದರಲ್ಲಿ ಕರಗುತ್ತದೆ, ನಮ್ಮ ಹಳ್ಳಿಯ ಬಡವಳ ದುಡಿಮೆ ಒಲೆಯ ಬಾಯಿಗೆ ಹೋಗುತ್ತದೆ.

ಆ ತಿಳಿವಳಿಕೆಯಿಂದ ರೂಪುಗೊಂಡದ್ದು ಅಸ್ತ್ರ ಒಲೆ. ಮಣ್ಣಿನಲ್ಲೇ ಕಟ್ಟುವ, ಸಾಲಾಗಿ ಮೂರು ಪಾತ್ರೆ ಕೂರುವ ಒಲೆ ಅದು. ಸೌದೆ ಉರಿಯುವ ಗೂಡು ಮುಚ್ಚಿದ್ದು; ಅದರ ತಳದಲ್ಲಿ ಕಬ್ಬಿಣದ ಜಾಲರಿ. ಗಾಳಿ ಜಾಲರಿಯ ಕೆಳಗಿನಿಂದ ಬರುವುದರಿಂದ ಊದುಕೊಳವೆ ಹಿಡಿದು ಕೂರುವ ಕೆಲಸ ಕಡಿಮೆಯಾಗುತ್ತದೆ. ಮೊದಲ ಪಾತ್ರೆಯ ತಳಕ್ಕೆ ತಾಗಿದ ಬಿಸಿಗಾಳಿ ಎರಡನೆಯದರ ಕೆಳಗೆ, ಅಲ್ಲಿಂದ ಮೂರನೆಯದರ ಕೆಳಗೆ ಹರಿದು, ಕೊನೆಗೆ ಹೊಗೆಕೊಳವೆ ಹಿಡಿದು ಮಾಡಿನ ಆಚೆ ಹೋಗುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಸುಮಾರು ಹತ್ತನೇ ಒಂದು ಪಾಲು ಮಾತ್ರ ಪಾತ್ರೆಗೆ ಮುಟ್ಟುತ್ತದೆ. ಅಸ್ತ್ರ ಒಲೆಯ ಪರೀಕ್ಷೆಗಳಲ್ಲಿ ಇದು ಶೇ 40ರ ಗಡಿ ದಾಟಿತು. ಮಣ್ಣು, ಜಾಲರಿ ಮತ್ತು ಕೊಳವೆಯಿಂದ ಇಷ್ಟು ಸಾಧಿಸಿದ್ದನ್ನು ನಾನು ಕನ್ನಡ ನಾಡಿನ ವಿಜ್ಞಾನದ ಹೆಮ್ಮೆಯ ಕೆಲಸಗಳಲ್ಲಿ ಒಂದೆಂದು ಎಣಿಸುತ್ತೇನೆ.

ಅದೇ ಹೊತ್ತಿಗೆ ಕೇಂದ್ರ ಸರ್ಕಾರವೂ ಈ ಕೆಲಸಕ್ಕೆ ಇಳಿಯಿತು. 1983ರ ಕೊನೆಗೆ ಶುರುವಾದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 2002ರವರೆಗೆ ನಡೆಯಿತು. ಒಲೆಯ ಬೆಲೆಯ ದೊಡ್ಡ ಪಾಲನ್ನು ಸರ್ಕಾರ ಭರಿಸುತ್ತಿತ್ತು, ಪ್ರತಿ ವರ್ಷ ರಾಜ್ಯಗಳಿಗೆ, ರಾಜ್ಯಗಳಿಂದ ಜಿಲ್ಲೆಗಳಿಗೆ ಗುರಿ ನಿಗದಿಯಾಗುತ್ತಿತ್ತು. ನಿಲ್ಲುವ ಹೊತ್ತಿಗೆ ದೇಶದಲ್ಲಿ ಸುಮಾರು ಮೂರೂವರೆ ಕೋಟಿ ಒಲೆಗಳು ಲೆಕ್ಕಕ್ಕೆ ಸೇರಿದ್ದವು. ಕರ್ನಾಟಕದಲ್ಲಿ ಅಸ್ತ್ರ ಒಲೆ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಮೂಲಕ ಲಕ್ಷಗಟ್ಟಲೆ ಮನೆಗಳನ್ನು ಮುಟ್ಟಿತು. ಆದರೆ ಗುರಿ ಇದ್ದದ್ದು ಕಟ್ಟುವುದಕ್ಕೆ, ಎರಡನೇ ವರ್ಷವೂ ಒಲೆ ಉರಿಯುತ್ತಿದೆಯೇ ಎಂದು ನೋಡುವುದಕ್ಕಲ್ಲ.

ಇಲ್ಲಿ ಅಳತೆಯ ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಲೆಯನ್ನು ಪರೀಕ್ಷಿಸುವ ಸುಲಭದ ದಾರಿ ನೀರು ಕುದಿಸುವ ಪರೀಕ್ಷೆ. ತೂಗಿದ ಒಣ ಸೌದೆ, ಅಳೆದ ನೀರು, ಒಬ್ಬ ನುರಿತ ಸಹಾಯಕ. ನೀರು ಕುದಿಯುವವರೆಗೆ ಎಷ್ಟು ಸೌದೆ ಖರ್ಚಾಯಿತು ಎಂದು ಲೆಕ್ಕ ಹಾಕುತ್ತಾರೆ. ಶೇ 40 ಎಂಬಂಥ ಅಂಕಿಗಳು ಇಂಥ ಪರೀಕ್ಷೆಯಿಂದ ಬರುತ್ತವೆ. ಇನ್ನೊಂದು ಅಡುಗೆಮನೆಯ ಪರೀಕ್ಷೆ. ಇದರಲ್ಲಿ ಮನೆಯವರು ದಿನಕ್ಕೆ ಸಾಕಾಗುವಷ್ಟು ಸೌದೆಯನ್ನು ಬೇರೆ ಇಡುತ್ತಾರೆ, ಅಧ್ಯಯನದವರು ಅದನ್ನು ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ತೂಗುತ್ತಾರೆ. ಮರುದಿನ ಅದೇ ಹೊತ್ತಿಗೆ ಬಂದು ಉಳಿದದ್ದನ್ನು ತೂಗುತ್ತಾರೆ. ಹೀಗೆ ಹಲವು ದಿನ. ಸೌದೆಯಲ್ಲಿ ಎಷ್ಟು ತೇವವಿದೆ ಎಂದೂ ನೋಡಬೇಕು, ಏಕೆಂದರೆ ಹಸಿ ಸೌದೆಯ ತೂಕದಲ್ಲಿ ನೀರಿನದೂ ಸೇರಿರುತ್ತದೆ. ಅಂದು ಮನೆಯಲ್ಲಿ ಯಾರು ಯಾರು ಉಂಡರು ಎಂದು ಕೇಳಿ, ಮಗುವನ್ನು ಅರ್ಧ ಆಳಾಗಿ, ಹೆಂಗಸನ್ನು 0.8 ಆಳಾಗಿ, ಗಂಡಸನ್ನು ಒಂದು ಆಳಾಗಿ ಹಿಡಿದು, ತಲೆಗೆ ಎಷ್ಟು ಸೌದೆ ಎಂದು ಭಾಗಿಸುತ್ತಾರೆ. ಬೇಸರದ, ದುಬಾರಿಯಾದ ಕೆಲಸ ಇದು. ಆದರೆ ಉಳಿತಾಯ ಎಂಬ ಪದವನ್ನು ಬಳಸುವ ಹಕ್ಕು ಸಿಗುವುದು ಈ ತಕ್ಕಡಿಯಿಂದಲೇ.

ಎರಡು ಪರೀಕ್ಷೆಗಳ ಉತ್ತರ ಯಾಕೆ ಬೇರೆಯಾಗುತ್ತದೆ ಎಂಬುದು ನಮ್ಮ ಅಡುಗೆ ಬಲ್ಲವರಿಗೆ ಹೊಸದೇನಲ್ಲ. ಒಲೆಯ ಗುಂಡಿಗಳನ್ನು ಆ ಮನೆಯ ಪಾತ್ರೆಯ ಅಳತೆಗೆ ತಕ್ಕಂತೆ ಕೂರಿಸಿರುತ್ತಾರೆ. ನೆಂಟರು ಬಂದ ದಿನ ಬೇರೆ ಪಾತ್ರೆ ಇಟ್ಟರೆ ಅಂಚಿನಲ್ಲಿ ಸಂದು ಬಿಡುತ್ತದೆ, ಹೊಗೆ ಅಲ್ಲಿಂದಲೇ ಹೊರಡುತ್ತದೆ. ಮುದ್ದೆ ತಿರುವುವಾಗ ಪಾತ್ರೆಯ ಮೇಲೆ ಬೀಳುವ ಬಲಕ್ಕೆ ಮಣ್ಣಿನ ಅಂಚು ಅಲುಗಾಡುತ್ತದೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯನ್ನು ಹಂಚಿನಿಂದ ತೆಗೆದು ಒಲೆಯ ಬಾಯಿಯ ಕೆಂಡಕ್ಕೆ ಒರಗಿಸಿ ಉಬ್ಬಿಸುತ್ತಾರೆ. ಗೂಡು ಮುಚ್ಚಿದ ಒಲೆ ಇದಕ್ಕೆ ಒಗ್ಗುವುದಿಲ್ಲ. ಸಣ್ಣ ಗೂಡಿಗೆ ಸೌದೆಯನ್ನು ಸಣ್ಣಗೆ ಸೀಳಬೇಕು, ಅದೂ ಮನೆಯೊಡತಿಯ ಪಾಲಿಗೇ ಬೀಳುವ ಹೆಚ್ಚಿನ ಕೆಲಸ. ಎರಡು ಪಾತ್ರೆಯ ಅಡುಗೆಯ ದಿನ ಮೂರನೆಯ ಗುಂಡಿಯ ಶಾಖ ವ್ಯರ್ಥ. ಎಲ್ಲಕ್ಕಿಂತ ಮುಖ್ಯವಾಗಿ ಹೊಗೆಕೊಳವೆಯಲ್ಲಿ ಮಸಿ ಕಟ್ಟುತ್ತದೆ. ಅದನ್ನು ಆಗಾಗ ಜಾಡಿಸದಿದ್ದರೆ ಗಾಳಿಯ ಎಳೆತ ನಿಂತು ಹೊಗೆ ಮತ್ತೆ ಮನೆಯೊಳಗೇ ತಿರುಗುತ್ತದೆ. ಒಲೆ ಕೆಟ್ಟಿತು ಎಂದು ಮನೆಯವರು ಮೂಲೆಗೆ ತಳ್ಳುವುದು ಆಗ. ಇದನ್ನೆಲ್ಲ ‘ಜನರ ಅಜ್ಞಾನ’ ಎಂದು ಬರೆಯುವ ವರದಿಗಳನ್ನು ನಾನು ಒಪ್ಪುವುದಿಲ್ಲ. ದಿನಕ್ಕೆ ಎರಡು ಹೊತ್ತು ಬೆಂಕಿಯ ಮುಂದೆ ಕೂರುವವಳಿಗೆ ಒಲೆಯ ಗುಣದೋಷ ಇತರರಿಗಿಂತ ಚೆನ್ನಾಗಿ ಗೊತ್ತು.

ಒಡಿಶಾದ ಅಧ್ಯಯನ ಈ ಅನುಮಾನವನ್ನು ಅಂಕಿಗಳಿಂದ ತೋರಿಸಿತು. ರೆಮಾ ಹನ್ನಾ, ಎಸ್ತರ್ ದುಫ್ಲೊ ಮತ್ತು ಮೈಕೆಲ್ ಗ್ರೀನ್‌ಸ್ಟೋನ್ ಅಲ್ಲಿನ ಹಳ್ಳಿಗಳಲ್ಲಿ ಲಾಟರಿ ಎತ್ತಿ ಕೆಲವು ಮನೆಗಳಿಗೆ ಮೊದಲು, ಉಳಿದವರಿಗೆ ಆಮೇಲೆ ಮಣ್ಣಿನ ಸುಧಾರಿತ ಒಲೆ ಸಿಗುವಂತೆ ಮಾಡಿ, ನಾಲ್ಕು ವರ್ಷದವರೆಗೆ ಹಿಂಬಾಲಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಲ ವರ್ಷ ಅಡುಗೆ ಮಾಡುವವರ ದೇಹಕ್ಕೆ ಸೇರುವ ಹೊಗೆ ಕಡಿಮೆಯಾಯಿತು. ಮುಂದೆ ಆ ವ್ಯತ್ಯಾಸ ಅಳಿಸಿಹೋಯಿತು. ಶ್ವಾಸಕೋಶದ ಆರೋಗ್ಯದಲ್ಲಾಗಲಿ, ಸೌದೆಯ ಖರ್ಚಿನಲ್ಲಾಗಲಿ ಬದಲಾವಣೆ ಕಾಣಲಿಲ್ಲ. ಕಾರಣ ಒಲೆಯ ವಿನ್ಯಾಸವಲ್ಲ. ಒಲೆಗಳು ಒಡೆದವು, ಬಳಕೆ ಅಲ್ಲೊಮ್ಮೆ ಇಲ್ಲೊಮ್ಮೆ ಎಂಬಂತಾಯಿತು, ದುರಸ್ತಿ ಆಗಲಿಲ್ಲ.

ಇದು ಬಡ ದೇಶದ, ಮಣ್ಣಿನ ಒಲೆಯ ಕಥೆ ಮಾತ್ರ ಎಂದು ಯಾರಾದರೂ ಅಂದರೆ ಅವರು ಮಿಷಿಗನ್ ಕಡೆ ನೋಡಬೇಕು. 1973ರ ತೈಲ ಬಿಕ್ಕಟ್ಟಿನ ಬೆನ್ನಿಗೆ ಅಮೆರಿಕ ಸರ್ಕಾರ 1976ರಲ್ಲಿ ಬಡವರ ಮನೆಗಳನ್ನು ಚಳಿಗೆ ಭದ್ರಪಡಿಸುವ ಯೋಜನೆ ಆರಂಭಿಸಿತು. ಗೋಡೆ, ಅಟ್ಟಗಳಿಗೆ ಶಾಖ ತಡೆಯುವ ಪದರ, ಗಾಳಿ ನುಗ್ಗುವ ಸಂದುಗಳಿಗೆ ಮುಚ್ಚುಗೆ, ಹಳೆಯ ಕುಲುಮೆಗೆ ಬದಲಿ. ಮನೆಯವರು ಒಂದು ಡಾಲರ್ ಕೊಡಬೇಕಿಲ್ಲ. 2009ರ ಆರ್ಥಿಕ ಪುನಶ್ಚೇತನ ಕಾಯ್ದೆಯಡಿ ಇದಕ್ಕೆ ಸುಮಾರು 500 ಕೋಟಿ ಡಾಲರ್ ಹರಿಯಿತು. ಮೆರಿಡಿತ್ ಫೌಲಿ, ಗ್ರೀನ್‌ಸ್ಟೋನ್ ಮತ್ತು ಕ್ಯಾಥರಿನ್ ವೊಲ್ಫ್ರಮ್ ಮಿಷಿಗನ್‌ನ 30,000ಕ್ಕೂ ಹೆಚ್ಚು ಕುಟುಂಬಗಳನ್ನು ಇಟ್ಟುಕೊಂಡು ಪ್ರಯೋಗ ಮಾಡಿದರು; 2018ರಲ್ಲಿ ಅದು ಪ್ರಕಟವಾಯಿತು. ಎಂಜಿನಿಯರುಗಳ ಗಣಕ ಮಾದರಿ ಹೇಳಿದ ಉಳಿತಾಯ ನಿಜವಾದ ಉಳಿತಾಯದ ಮೂರು ಪಟ್ಟಿಗೂ ಹೆಚ್ಚಿತ್ತು, ಹೂಡಿದ ಹಣ ಉಳಿದ ಇಂಧನದ ಬೆಲೆಯ ಸುಮಾರು ಎರಡು ಪಟ್ಟು. ಮನೆಯವರು ಒಳಗಿನ ಬಿಸಿಯನ್ನು ಏರಿಸಿಕೊಂಡು ಉಳಿತಾಯ ತಿಂದುಹಾಕಿದರೇ ಎಂದೂ ನೋಡಿದರು. ಅದಕ್ಕೆ ಹೇಳಿಕೊಳ್ಳುವ ಪುರಾವೆ ಸಿಗಲಿಲ್ಲ. ಅಂದರೆ ತಪ್ಪಿದ್ದು ಮನೆಯವರ ನಡತೆಯಲ್ಲಲ್ಲ, ಕಾಗದದ ಮೇಲಿನ ಅಂದಾಜಿನಲ್ಲಿ. ಇದು ಒಂದು ರಾಜ್ಯದ ಅಧ್ಯಯನ, ಯೋಜನೆಯೇ ಬೇಡ ಎನ್ನಲು ಇಷ್ಟು ಸಾಲದು. ಚಳಿಯಲ್ಲಿ ನಡುಗುವ ಮುದುಕರ ಮನೆ ಬೆಚ್ಚಗಾದರೆ ಆ ಲಾಭ ಇಂಧನದ ಬಿಲ್ಲಿನಲ್ಲಿ ಪೂರ್ತಿ ಕಾಣುವುದೂ ಇಲ್ಲ. ಆದರೆ ಬಿಲ್ಲಿನಲ್ಲಿ ಇಷ್ಟು ಉಳಿಯುತ್ತದೆ ಎಂದು ಹೇಳಿ ತಂದ ಯೋಜನೆಯನ್ನು ಬಿಲ್ಲಿನಿಂದಲೇ ಒರೆಗೆ ಹಚ್ಚಬೇಕು.

ನೆರವು ನಿಜವಾಗಿ ನೆಲೆಯೂರಿದ ಉದಾಹರಣೆಯೂ ಇದೆ: ಎಲ್‌ಇಡಿ ಬಲ್ಬು. 2015ರ ಜನವರಿಯಲ್ಲಿ ಶುರುವಾದ ಉಜಾಲಾ ಯೋಜನೆ ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಲ್ಲಿ ನಡೆಯಿತು. ಸಗಟು ಖರೀದಿಯಿಂದ ಬಲ್ಬಿನ ಬೆಲೆ 2014ರ 310 ರೂಪಾಯಿಯಿಂದ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು, ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬುಗಳು ಹೋದವು. ಹಳೆಯ ಬಲ್ಬು ತೆಗೆದು ಹೊಸದನ್ನು ಸಿಕ್ಕಿಸಿದರೆ ಮುಗಿಯಿತು. ಮನೆಯ ನಡೆ ಏನೂ ಬದಲಾಗಬೇಕಿಲ್ಲ, ಮಸಿ ಜಾಡಿಸಬೇಕಿಲ್ಲ. ಹಾಗಿದ್ದರೂ ಸರ್ಕಾರ ಪ್ರಕಟಿಸುವ ಉಳಿತಾಯದ ಅಂಕಿ, ದಿನಕ್ಕೆ ಇಷ್ಟು ಗಂಟೆ ಉರಿಯುತ್ತದೆ ಎಂಬ ಊಹೆಯನ್ನು ಬಲ್ಬುಗಳ ಸಂಖ್ಯೆಯಿಂದ ಗುಣಿಸಿ ತೆಗೆದದ್ದೇ ಹೊರತು ಮೀಟರಿನಿಂದ ತೆಗೆದದ್ದಲ್ಲ.

ಉಜ್ವಲಾ ಸಿಲಿಂಡರಿನ ವಿಷಯದಲ್ಲಿ ಅಳತೆ ತಾನಾಗಿಯೇ ಸಿಕ್ಕಿತು, ಏಕೆಂದರೆ ಪ್ರತಿ ಮರುಪೂರಣಕ್ಕೂ ದಾಖಲೆ ಇರುತ್ತದೆ. 2016ರ ಮೇ ತಿಂಗಳಲ್ಲಿ ಆರಂಭವಾದ ಈ ಯೋಜನೆಯನ್ನು ಮಹಾಲೇಖಪಾಲರು 2019ರ ವರದಿಯಲ್ಲಿ ಪರಿಶೀಲಿಸಿದಾಗ, 2018ರ ಡಿಸೆಂಬರ್ ಕೊನೆಗೆ ಫಲಾನುಭವಿ ಕುಟುಂಬಗಳ ಸರಾಸರಿ ಬಳಕೆ ವರ್ಷಕ್ಕೆ 3.21 ಸಿಲಿಂಡರ್ ಇತ್ತು. ಇಡೀ ಮನೆಯ ಅಡುಗೆ ಅಷ್ಟರಲ್ಲಿ ನಡೆಯುವುದಿಲ್ಲ, ಅಂದರೆ ಪಕ್ಕದಲ್ಲಿ ಸೌದೆಯ ಒಲೆ ಉರಿಯುತ್ತಲೇ ಇತ್ತು. ಗ್ಯಾಸ್ ಬಂದ ಮೇಲೆ ಅಸ್ತ್ರ ಒಲೆಯ ಕಾಲ ಮುಗಿಯಿತು ಎನ್ನುವವರು ಈ ಅಂಕಿಯನ್ನು ನೋಡಬೇಕು. ಬಚ್ಚಲಿನ ಹಂಡೆಯ ಕೆಳಗಂತೂ ಗ್ಯಾಸ್ ಉರಿಸುವ ಬಡ ಮನೆ ಅಪರೂಪ.

ಕರ್ನಾಟಕದ ಇಂದಿನ ದೊಡ್ಡ ನೆರವು 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ. ತಿಂಗಳಿಗೆ 200 ಯೂನಿಟ್ ಮಿತಿಯೊಳಗಿನ ಮನೆಗಳ ವಿದ್ಯುತ್ ಬಿಲ್ಲನ್ನು ಅದು ತೀರಿಸುತ್ತದೆ. ಬಡವರ ಕೈಯಲ್ಲಿ ಹಣ ಉಳಿಯುತ್ತದೆ, ಅದು ಬೇಕಾದದ್ದೇ. ಆದರೆ ಮನೆ ಹೇಗಿತ್ತೋ ಹಾಗೇ ಇರುತ್ತದೆ: ಕಾಯುವ ಶೀಟಿನ ಮಾಡು, ಹಳೆಯ ಫ್ಯಾನು, ಹೊಗೆ ಕಾರುವ ಹಂಡೆ ಒಲೆ. ಇತ್ತ ಮನೆಗಳ ವಿನ್ಯಾಸಕ್ಕೆಂದೇ 2018ರಲ್ಲಿ ಕೇಂದ್ರ ತಂದ ‘ಇಕೋ ನಿವಾಸ್ ಸಂಹಿತಾ’ ಮೊದಲಿಗೆ ಅನ್ವಯಿಸಿದ್ದು 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನಗಳಿಗೆ. ಅಷ್ಟು ಜಾಗ ಯಾವ ಬಡವನ ಹೆಸರಲ್ಲಿದೆ?

ನನ್ನ ತೀರ್ಮಾನ ಇಷ್ಟು. ಬಡವರ ಮನೆಯ ಇಂಧನ ನೆರವಿನಲ್ಲಿ ಹಣದ ಒಂದು ಭಾಗವನ್ನು ಕಟ್ಟುವುದಕ್ಕಲ್ಲದೆ ನೋಡಿಕೊಳ್ಳುವುದಕ್ಕೆ ತೆಗೆದಿಡಬೇಕು. ಒಲೆ ಕಟ್ಟಿದ ಗಾರೆಯವನ ಕೂಲಿಯಲ್ಲಿ ಒಂದು ಪಾಲು ವರ್ಷ ಕಳೆದು, ಅವನೇ ಬಂದು ಕೊಳವೆ ಜಾಡಿಸಿ ಅಂಚು ಮೆತ್ತಿದ ಮೇಲೆ ಸಿಗುವಂತಾಗಬೇಕು. ಪ್ರತಿ ತಾಲ್ಲೂಕಿನಲ್ಲಿ ಕೆಲವು ಮನೆಗಳನ್ನಾದರೂ ಚೀಟಿ ಎತ್ತಿ ಆರಿಸಿ, ಮಳೆಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ ಸೌದೆ ತೂಗಬೇಕು. ಎರಡನೇ ವರ್ಷದ ಆ ತೂಕ ಇಲ್ಲದ ವರದಿಯನ್ನು ಗ್ರಾಮ ಪಂಚಾಯಿತಿಯಾಗಲಿ ವಿಧಾನಸಭೆಯಾಗಲಿ ಒಪ್ಪಿಕೊಳ್ಳಬಾರದು.